ಮುಮ್ತಾಜಳಿಗೆ ನಾನು ಕೊಡಿಸಿದ ಮನೆ

ನಾಲ್ಕು ಲಕ್ಷ ರೂಪಾಯಿ. ನನ್ನ ಅಷ್ಟು ದುಡ್ಡು ಮುಳುಗಬಾರದೆಂದು ಮುಮ್ತಾಜಳ ಅಷ್ಟೇ ದುಡ್ಡನ್ನು ನಾನು ಮುಳುಗಿಸಿದೆ. ಮನೆಗೆ ಬ್ಯಾಂಕಿನವರು ಬೀಗ ಹಾಕುತ್ತಾರೆಂದು ಗೊತ್ತಿದ್ದೂ ಅವಳನ್ನು ಆ ಮನೆಗೆ ತಂದು ಕೂರಿಸಿದವಳು ನಾನೇ. ಮಾಲೀಕ ಮೋಸ ಮಾಡಿದ ಎಂದು ಇಷ್ಟು ದಿನ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ — ಅದು ಅರ್ಧ ಮಾತು. ಉಳಿದರ್ಧ ಇದು.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ಬಾಡಿಗೆಗೆ ತಂದ ಒಂದು ಮಷಿನ್ನಿನಿಂದ ಶುರು ಮಾಡಿದವಳು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಲೈನಿಂಗ್ ಬಟ್ಟೆ ಮಾರುವವನು ನನ್ನ ಮುಖ ಕಂಡರೆ ಮೊದಲೇ ರೇಟು ಇಳಿಸಿ ಹೇಳುತ್ತಾನೆ. ಮುಮ್ತಾಜ್ ನನ್ನ ಗಿರಾಕಿಗಳ ಬ್ಲೌಸಿಗೆ ಆರಿ ವರ್ಕ್ ಮಾಡುತ್ತಿದ್ದಳು — ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಕೊಕ್ಕೆಸೂಜಿಯಿಂದ ಮಣಿ, ಜರಿ ಕೂರಿಸುವ ಕೆಲಸ. ಅವಳ ಗಂಡ ನಯಾಜ್ ವಾಹನಗಳ ಸೀಟು ಹೊಲಿಯುವವನು. ಹರಿಹರದಲ್ಲಿ ಎರಡು ಕೋಣೆಯ ಮನೆ. ಕೆಲಸ ಒಪ್ಪಿಸಲು ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು.

ಆಗ ನಾನಿದ್ದದ್ದು ದೇವರಾಜ ಅರಸು ಬಡಾವಣೆಯಲ್ಲಿ, ಲೀಸಿಗೆ ಹಾಕಿಕೊಂಡ ಮನೆಯಲ್ಲಿ. ಲೀಸೆಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು: ಒಂದೇ ಸಲ ದೊಡ್ಡ ಮೊತ್ತ ಕೊಡುವುದು, ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಅಷ್ಟೂ ವಾಪಸ್ ಪಡೆಯುವುದು. ಬಾಡಿಗೆ ಉಳಿಯಿತೆಂದು ನಾನು ಬಹಳ ಜಾಣೆಯಂತೆ ಬೀಗುತ್ತಿದ್ದೆ.

ಒಂದು ಮಧ್ಯಾಹ್ನ ಬ್ಯಾಂಕಿನವರಿಬ್ಬರು ಬಂದರು. ‘ಓನರಾ?’ ಎಂದರು. ‘ಅಲ್ರೀ, ನಾವು ಲೀಸಿಗಿರೋರು’ ಎಂದೆ. ಅವರಲ್ಲಿ ಒಬ್ಬ ನನ್ನನ್ನೊಮ್ಮೆ ನೋಡಿ, ‘ನಿಮ್ಮ ಕಾಗದ ಏನಾರ ಇದ್ರ ಬ್ಯಾಂಕಿಗೆ ತಂದು ತೋರಿಸ್ರೀ ಅಮ್ಮಾ’ ಎಂದ. ಗೇಟಿಗೆ ನೋಟಿಸು ಅಂಟಿಸಿ, ಫೋಟೋ ತೆಗೆದುಕೊಂಡು ಹೋದರು. ನಾನು ಲೀಸಿಗೆ ಬಂದ ಮೇಲೆ ಮಾಲೀಕ ಶೇಖರಪ್ಪ ಮನೆ ಅಡವಿಟ್ಟು ಸಾಲ ತೆಗೆದಿದ್ದ, ಕಟ್ಟಿರಲಿಲ್ಲ. ಎರಡು ತಿಂಗಳಲ್ಲಿ ಬಾಕಿ ತೀರಿಸದಿದ್ದರೆ ಮನೆ ಬ್ಯಾಂಕಿನ ವಶ. ಅಂಗಡಿಗೆಂದು ನಾನೂ ಸಾಲ ಮಾಡಿದವಳು, ಓದಿದ ಕೂಡಲೇ ಅರ್ಥವಾಯಿತು. ಅಂಟು ಇನ್ನೂ ಹಸಿಯಿತ್ತು. ಒದ್ದೆ ಬಟ್ಟೆ ತಂದು, ಮೂಲೆ ಹರಿಯದಂತೆ ನಿಧಾನವಾಗಿ ಕಿತ್ತೆ. ಅಕ್ಕಪಕ್ಕದವರು ನೋಡಬಾರದೆಂದು — ಹಾಗೆ ನನಗೆ ನಾನೇ ಹೇಳಿಕೊಂಡೆ.

ಶೇಖರಪ್ಪನ ಟೈಲ್ಸ್ ಅಂಗಡಿಗೆ ಹೋಗಿ ಜೋರು ಮಾಡಿದೆ. ಅವನು ಕೂತಲ್ಲಿಂದ ಏಳಲಿಲ್ಲ.

‘ದುಡ್ಡು ಎಲ್ಲೈತೆ ಅಕ್ಕಾರೆ? ಹೊಸಬ್ರನ್ನ ಕರ್ಕಂಬರ್ರಿ. ಅವರು ಕೊಡ್ತಿದ್ದಂಗ ಎಣಿಸಿ ನಿಮ್ ಕೈಗಿಡ್ತೀನಿ. ಎಲ್ಲಾ ಕಡೆ ನಡಿಯೋದೇ ಹಂಗಲ್ಲೇನ್ರಿ?’

ನಿಜ, ಎಲ್ಲ ಕಡೆ ಹಾಗೆಯೇ ನಡೆಯುತ್ತದೆ. ಬರುವವರ ದುಡ್ಡು ಬಿಡುವವರ ಕೈಗೆ. ಯಾರೂ ಅದನ್ನು ತಪ್ಪೆನ್ನುವುದಿಲ್ಲ. ಆದರೆ ಗೇಟಿನಿಂದ ಕಿತ್ತ ನೋಟಿಸು ನನ್ನ ಬೀರುವಿನಲ್ಲಿತ್ತಲ್ಲ — ಆವತ್ತಿನಿಂದ ಅದು ಪದ್ಧತಿಯಾಗಿ ಉಳಿಯಲಿಲ್ಲ.

ಮುಮ್ತಾಜ್ ದಾವಣಗೆರೆಯಲ್ಲೇ ಮನೆ ಹುಡುಕುತ್ತಿದ್ದಳು. ಚೌಕಟ್ಟು ಹಾಕಲು ಬೆಳಕಿರುವ ಒಂದು ಕೋಣೆ ಸಿಕ್ಕರೆ ಸಾಕಿತ್ತು. ಮನೆಗಳಿರಲಿಲ್ಲವೆಂದಲ್ಲ, ಹೆಸರು ಹೇಳಿದ ಮೇಲೆ ‘ಕೊಟ್ಟಾಗೈತ್ರಿ’ ಎನ್ನುವವರೇ ಹೆಚ್ಚು. ಇಂಥ ಎರಡು ಮನೆಗೆ ನಾನೇ ಅವಳ ಜೊತೆ ಹೋಗಿ, ಅವಳ ಮುಖ ಸಣ್ಣಗಾಗುವುದನ್ನು ನೋಡಿದ್ದೆ. ಅದನ್ನೇ ಲೆಕ್ಕಕ್ಕೆ ಹಿಡಿದೆ. ಸಿಕ್ಕ ಮನೆಯನ್ನು ಇವಳು ಹೆಚ್ಚು ಕೆದಕುವುದಿಲ್ಲ, ಪ್ರಶ್ನೆ ಕೇಳಿದರೆ ಎಲ್ಲಿ ಕೈತಪ್ಪೀತೋ ಎಂದು ಹೆದರುತ್ತಾಳೆ — ಇಷ್ಟನ್ನೂ ಯೋಚಿಸಿಯೇ ಅವಳಿಗೆ ಫೋನ್ ಮಾಡಿದೆ. ಮರೆವಲ್ಲ, ಗಡಿಬಿಡಿಯಲ್ಲ.

ಗಂಡಹೆಂಡಿರು ಬಂದರು. ನಯಾಜ್ ನಲ್ಲಿ ತಿರುಗಿಸಿ ನೋಡಿದ. ಮುಮ್ತಾಜ್ ಕಿಟಕಿಯ ಹತ್ತಿರ ನಿಂತು, ಕೈ ಚಾಚಿ ಚೌಕಟ್ಟಿನ ಅಳತೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

‘ಇಷ್ಟು ಚಲೋ ಮನಿ ಯಾಕ ಬಿಡ್ತೀರಿ ಅಕ್ಕಾ? ಏನಾರ ತಕರಾರು ಐತೇನು?’

ಹೆದರುತ್ತಾಳೆಂದುಕೊಂಡಿದ್ದೆನಲ್ಲ — ಆದರೂ ಕೇಳಿದಳು.

‘ತಕರಾರೇನು ಬಂತು? ಅಂಗಡಿಗೆ ಹತ್ರ ಆಗ್ಲಿ ಅಂತ. ತಕರಾರಿದ್ರ ನಾ ಇಷ್ಟು ವರ್ಷ ಇರ್ತಿದ್ನೇನೇ?’

ಹೇಳುವಾಗ ಕಿಟಕಿಯ ಸರಳು ಒರೆಸುತ್ತಿದ್ದೆ. ಅದರ ಮೇಲೆ ಧೂಳಿರಲಿಲ್ಲ.

ಶೇಖರಪ್ಪ ಕರಾರನ್ನು ಛಾಪಾ ಕಾಗದದ ಮೇಲೆ ಬರೆಸಿ ಕೊಟ್ಟ, ನೋಂದಣಿ ಮಾಡಿಸಲಿಲ್ಲ. ನಮ್ಮವರಿಗೆ ಕೊಡುವುದೇ ಕಷ್ಟ, ಅಂಥದ್ದರಲ್ಲಿ ನೀವು ಹೇಳಿದಿರೆಂದು ಕೊಟ್ಟರಲ್ಲ ಎಂದು ನಯಾಜ್ ಎರಡು ಸಲ ಕೈಮುಗಿದ. ನನಗೆ ದುಡ್ಡು ಬಂತು. ಪಿ.ಜೆ. ಬಡಾವಣೆಯಲ್ಲೇ ಬಾಡಿಗೆ ಮನೆ ಹಿಡಿದೆ. ಮುಮ್ತಾಜ್ ಹೋಟೆಲಿನಿಂದ ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದಳು, ‘ಮನಿ ಕೊಡಿಸಿದ್ದಕ್ಕೆ’ ಎಂದು. ತಿಂದೆ.

ಒಂದು ವರ್ಷವೂ ತುಂಬಿರಲಿಲ್ಲ. ಬ್ಯಾಂಕಿನವರು ಆದೇಶ ಹಿಡಿದು, ಪೊಲೀಸರ ಜೊತೆ ಬಂದು, ಸಾಮಾನು ಹೊರಗಿಡಿಸಿ ಬೀಗ ಹಾಕಿದರು. ಅವಳು ಆಟೋ ಹಿಡಿದು ಸೀದಾ ಅಂಗಡಿಗೆ ಬಂದಳು. ಕೈಯಲ್ಲಿ ಒಂದು ಕವರು.

‘ಅಕ್ಕಾ, ಎಲ್ಲಾಕಿಂತ ಮೊದ್ಲು ಚೌಕಟ್ಟಿನಿಂದ ಬ್ಲೌಸ್ ಬಿಚ್ಚಿದೆ ನೋಡ್ರಿ. ಮದಿವಿ ಹುಡುಗೀದು ಐತಲ್ಲ. ಒಂದು ಮಣಿ ಹೋಗಿಲ್ಲ.’

ಆಮೇಲಷ್ಟೇ ಕೂತು ಅತ್ತಳು. ಅವಳಿಗೆ ಅಂಗಡಿಯ ಸ್ಟೂಲು ಕೊಟ್ಟೆ, ನೀರು ಕೊಟ್ಟೆ, ಶೇಖರಪ್ಪನಿಗೆ ಬಾಯಿತುಂಬ ಬೈದೆ. ವಕೀಲರ ಹತ್ತಿರ ಕರೆದುಕೊಂಡು ಹೋದವಳೂ ನಾನೇ. ಅವರು ಕೇಳಿದ್ದು ಒಂದೇ: ‘ಬ್ಯಾಂಕಿನ ನೋಟಿಸಿಗಿಂತ ಮೊದ್ಲು ಬಂದ್ರೋ, ಆಮೇಲೆ ಬಂದ್ರೋ?’ ಬ್ಯಾಂಕಿನ ಆದೇಶದಲ್ಲಿದ್ದ ನೋಟಿಸಿನ ತಾರೀಖು ನೋಡಿ, ಆಮೇಲೆ ಎಂದು ಗೊತ್ತಾದಾಗ ಪೆನ್ನು ಕೆಳಗಿಟ್ಟರು. ನೋಟಿಸು ಬಂದ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಮನೆ ಲೀಸಿಗೆ ಕೊಡುವಂತಿಲ್ಲ. ಕೊಟ್ಟರೂ ಕಾನೂನಿನ ಮುಂದೆ ನಿಲ್ಲುವುದು ಕಷ್ಟ. ದುಡ್ಡಿಗೆ ಶೇಖರಪ್ಪನ ಮೇಲೆ ಬೇರೆ ಕೇಸು ಹಾಕಬೇಕು — ಅವನಾಗಲೇ ಟೈಲ್ಸ್ ಅಂಗಡಿ ಮುಚ್ಚಿ ಊರು ಬಿಟ್ಟಿದ್ದ.

ಅಲ್ಲಿ ಕೂತೇ ನನಗೆ ಪೂರ್ತಿ ತಿಳಿಯಿತು. ಸಾಲಕ್ಕಿಂತ ಮೊದಲಿನಿಂದ ಆ ಮನೆಯಲ್ಲಿದ್ದವಳು ನಾನು. ನೋಂದಣಿಯಾಗದ ಕಾಗದವಾದರೂ ಬ್ಯಾಂಕಿನ ಮುಂದೆ, ನ್ಯಾಯಮಂಡಳಿಯ ಮುಂದೆ ವಾದಿಸಲು ನನಗೊಂದು ಮಾತಿತ್ತು. ಅವಳಿಗೆ ಆ ಮಾತೂ ಇಲ್ಲದಂತೆ ಮಾಡಿ ಒಳಗೆ ಕಳಿಸಿದ್ದೆ. ಆ ನೋಟಿಸು ಶೇಖರಪ್ಪನಿಗಷ್ಟೇ ಗೊತ್ತಿತ್ತೆಂದು ಅವಳು ನಂಬಿದ್ದಳು, ನಾನು ಆಗಲೂ ಬಾಯಿ ಬಿಡಲಿಲ್ಲ. ವಕೀಲರ ಫೀಸು ನಾನೇ ಕೊಟ್ಟೆ. ‘ನಿಮ್ಮಂಥೋರು ಇರ್ಬೇಕು ಅಕ್ಕಾ’ ಎಂದಳು.

ಅವರು ಹರಿಹರಕ್ಕೆ ಮರಳಿದರು. ಈಗ ಒಂದೇ ಕೋಣೆ. ಚೌಕಟ್ಟು ಹಾಸಿದರೆ ಮಲಗಲು ಜಾಗವಿಲ್ಲ, ಮಲಗಬೇಕೆಂದರೆ ಚೌಕಟ್ಟನ್ನು ಗೋಡೆಗೆ ನಿಲ್ಲಿಸಬೇಕು.

ಇದನ್ನು ಬರೆಯುವ ಮೊದಲು, ಕಳೆದ ತಿಂಗಳು, ಆ ಕೋಣೆಗೆ ಹೋಗಿ ಎಲ್ಲ ಹೇಳಿದೆ. ನೋಟಿಸನ್ನೂ ಅವಳ ಮುಂದಿಟ್ಟೆ. ಕೈಯಲ್ಲಿದ್ದ ಸೂಜಿ ನಿಲ್ಲಲಿಲ್ಲ. ಆ ಸಾಲು ಮುಗಿಸಿ, ದಾರ ಕತ್ತರಿಸಿ, ಕೇಳಿದಳು: ‘ನಾನು ಅವತ್ತು ಕೇಳಿದ್ನಲ್ಲ?’

ಕೇಳಿದ್ದಳು. ಆ ನಾಲ್ಕು ಲಕ್ಷವನ್ನು ತಿಂಗಳು ತಿಂಗಳು ತೀರಿಸುತ್ತೇನೆಂದು ಬರೆದು ಸಹಿ ಹಾಕಿ ಕೊಟ್ಟೆ. ನಯಾಜ್ ಅದನ್ನು ವಕೀಲರಿಗೆ ತೋರಿಸಿಕೊಂಡು ಬಂದ ಮೇಲೆಯೇ ಒಪ್ಪಿದ.

ನೀವು ಮನೆ ನೋಡಲು ಹೊರಟಿದ್ದರೆ, ನನ್ನಂಥವಳ ಬಾಯಿಂದ ಬಂದದ್ದೆಂದು ಬಿಡಬೇಡಿ, ಕೇಳಿಸಿಕೊಳ್ಳಿ. ಮನೆಯ ಮೂಲ ಕ್ರಯಪತ್ರ ತೋರಿಸಿ ಎನ್ನಿ. ಮಾಲೀಕ ಜೆರಾಕ್ಸ್ ಮಾತ್ರ ತೋರಿಸಿದರೆ ಅಸಲು ಎಲ್ಲಿದೆ ಎಂದು ಕೇಳಿ, ಬಹಳ ಸಲ ಅದು ಬ್ಯಾಂಕಿನಲ್ಲಿರುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ, ಮನೆಯ ಮೇಲೆ ಸಾಲವಿದೆಯೇ ಎಂದು ತೋರಿಸುವ ಋಣಭಾರ ಪತ್ರ ತೆಗೆಸಿ, ಆದರೆ ಎಲ್ಲ ಅಡಮಾನವೂ ಅದರಲ್ಲಿ ಕಾಣುವುದಿಲ್ಲ, ಅದೊಂದನ್ನೇ ನಂಬಬೇಡಿ. ಕರಾರನ್ನು ನೋಂದಣಿ ಮಾಡಿಸಿ, ಖರ್ಚಾಗಲಿ. ದುಡ್ಡನ್ನು ಖಾತೆಯ ಮೂಲಕವೇ ಕೊಡಿ. ಸುತ್ತಮುತ್ತಲ ಮನೆಗಳಿಗಿಂತ ಕಡಿಮೆಗೆ, ಬೇಗ ಬೇಗ ಒಪ್ಪುವ ಮಾಲೀಕನಿದ್ದರೆ ಎದ್ದು ಬನ್ನಿ. ಈಗಾಗಲೇ ಇರುವ ಮನೆಗೆ ನೋಟಿಸು ಬಿತ್ತೆಂದರೆ ಕೀಳಬೇಡಿ. ಫೋಟೋ ತೆಗೆದುಕೊಳ್ಳಿ, ನಾವಿಲ್ಲಿ ಇಂಥ ದಿನದಿಂದ ಇದ್ದೇವೆಂದು ಕರಾರು, ಕರೆಂಟ್ ಬಿಲ್ಲು ಸಮೇತ ಬ್ಯಾಂಕಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಬ್ಯಾಂಕು ಕೇಳದಿದ್ದರೆ ವಕೀಲರ ಮೂಲಕ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ತಡ ಮಾಡಿದಷ್ಟೂ ದಾರಿ ಕಿರಿದಾಗುತ್ತದೆ. ಮನೆ ಖಾಲಿ ಮಾಡುತ್ತಿರುವವರನ್ನು ಯಾಕೆಂದು ಕೇಳಿ. ಅಷ್ಟಕ್ಕೇ ನಿಲ್ಲಿಸಬೇಡಿ, ಅವರು ಹೇಳಿದ್ದನ್ನು ಬೇರೆ ಕಡೆ ವಿಚಾರಿಸಿ — ಅವರು ನಿಮ್ಮ ಅಕ್ಕನಾದರೂ ಸರಿ.

ಮುಮ್ತಾಜ್ ಈಗಲೂ ನನಗೆ ಕೆಲಸ ಮಾಡಿಕೊಡುತ್ತಾಳೆ. ಮೇಡಂ ಎನ್ನುತ್ತಾಳೆ. ಬಟ್ಟೆ ಮುಟ್ಟುವ ಮೊದಲು ಮುಂಗಡ ಕೇಳುತ್ತಾಳೆ, ಬಂದಿದೆಯೇ ಎಂದು ಫೋನಿನಲ್ಲಿ ನೋಡಿದ ಮೇಲೆಯೇ ಚೌಕಟ್ಟಿಗೆ ಬಿಗಿಯುತ್ತಾಳೆ. ನೀವೂ ಹಾಗೆಯೇ ಮಾಡಿ.