ನಾನು ಪ್ಲಾಸ್ಟಿಕ್ ಹಾಕಿಕೊಟ್ಟ ಐದು ನೋಟುಗಳು

ಕೂಡ್ಲಿಗಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹತ್ತು ಹನ್ನೆರಡು ವರ್ಷದ ಕೆಳಗೆ ಕಾನಹೊಸಹಳ್ಳಿ ಕಡೆಯ ಗೆಳೆಯನೊಬ್ಬ ಬ್ರಿಟಿಷ್ ರಾಜನ ಚಿತ್ರವಿದ್ದ ಐದು ನೋಟು ತಂದ. ಅವನದು ಕುರಿ ಸಾಕುವ ಮನೆತನ. ಅಜ್ಜ ಟಗರು ಮಾರಿ ತಂದ ನೋಟುಗಳನ್ನು ಬಿದಿರಿನ ಕೊಳವೆಯಲ್ಲಿ ಸುತ್ತಿಟ್ಟಿದ್ದನಂತೆ. ಒಂದಕ್ಕೂ ಮಡಿಕೆ ಬಿದ್ದಿರಲಿಲ್ಲ.

"ಹಿಂಗ ಬಿಟ್ರ ಹುಳ ತಿಂತಾವಲೇ, ಏನರ ಮಾಡು" ಎಂದ.

ಐದನ್ನೂ ಲ್ಯಾಮಿನೇಶನ್ ಮಾಡಿಕೊಟ್ಟೆ. ಕಾಸು ತೆಗೆದುಕೊಳ್ಳಲಿಲ್ಲ.

ನನಗೆ ಹಳೆಯ ನೋಟಿನ ಹುಚ್ಚು ಹಿಡಿದದ್ದು ಆಮೇಲೆ. ಭೂತಗನ್ನಡಿ ಕೊಂಡೆ, ಸಂಗ್ರಹ ಮಾಡುವವರ ಹಿಂದೆ ತಿರುಗಿ ಅಸಲಿ ನಕಲಿ ನೋಡುವುದನ್ನು ಕಲಿತೆ. ನೋಟಿಗೆ ಪ್ಲಾಸ್ಟಿಕ್ ಅಂಟಿಸಿದರೆ ಅದರ ಬೆಲೆ ಅಲ್ಲಿಗೆ ಮುಗಿಯಿತು ಎಂಬುದೂ ಆಗಲೇ ತಿಳಿದದ್ದು. ಗೆಳೆಯನಿಗೆ ಹೇಳಬೇಕಿತ್ತು. ಬಾಯಿ ಬರಲಿಲ್ಲ.

ಹೋದ ವರ್ಷ ಅವನು ತೀರಿಕೊಂಡ. ಈ ಬೇಸಿಗೆಯಲ್ಲಿ ಅವನ ಹೆಂಡತಿ ನೋಟುಗಳನ್ನು ಹಿಡಿದು ಅಂಗಡಿಗೆ ಬಂದಳು.

"ಅಣ್ಣಾ, ಇವು ಕಲರ್ ಜೆರಾಕ್ಸ್ ಅಂತ ನಗತಾರ ಮಂದಿ. ಖರೇ ಹೇಳ್ರಿ."

ಬೆಳಕಿಗೆ ಹಿಡಿದೆ. ಕಾಗದದೊಳಗೆ ರಾಜನ ತಲೆಯ ನೆರಳು ಮೂಡಿತು. ಭೂತಗನ್ನಡಿಯಲ್ಲಿ ಕೂದಲಿನಷ್ಟು ಸಣ್ಣ ಗೆರೆಗಳೂ ಜೆರಾಕ್ಸಿನ ಹಾಗೆ ಚುಕ್ಕಿಚುಕ್ಕಿಯಾಗಿ ಒಡೆದಿರಲಿಲ್ಲ.

"ಅಸಲೀನ ಅದಾವ ತಂಗೆವ್ವಾ."

"ಹಂಗಾರ ಮಗಳ ನರ್ಸಿಂಗ್ ಫೀಸಿಗೆ ಆಗ್ತಾವೇನ್ರಿ?"

ಪ್ಲಾಸ್ಟಿಕ್ ಇಲ್ಲದಿದ್ದರೆ ಆಗುತ್ತಿತ್ತು. ಅದನ್ನೇ ಹೇಳಿದೆ. ಹಾಕಿದ್ದು ನಾನೇ ಎಂದೂ ಹೇಳಿದೆ.

ಅವಳು ಪ್ಲಾಸ್ಟಿಕ್ಕಿನ ಅಂಚನ್ನು ಉಗುರಿನಿಂದ ಕೆರೆದು ನೋಡಿದಳು. "ಬಿಡಸಾಕ ಬರಂಗಿಲ್ಲೇನ್ರಿ?"

ಬರುವುದಿಲ್ಲ ಎಂದು ಗೊತ್ತಿತ್ತು. ಆದರೂ ಆ ಮುಖ ನೋಡಲಾಗದೆ ಬ್ಲೇಡು ತೆಗೆದುಕೊಂಡೆ. ಮೂಲೆಯಿಂದ ಎರಡು ಬೆರಳಗಲ ಬಿಡಿಸುವಷ್ಟರಲ್ಲಿ ಕಾಗದ ಪದರು ಪದರಾಗಿ ಸೀಳಿತು. ರಾಜನ ಅರ್ಧ ಮುಖ ಪ್ಲಾಸ್ಟಿಕ್ಕಿನ ಜೊತೆ ಎದ್ದು ಬಂತು.

"ಸಾಕ್ರಿ ಅಣ್ಣಾ" ಎಂದಳು. "ಅವರು ಸಾಯತನಕ ನಿಮ್ಮನ್ನ ನೆನಸ್ತಿದ್ರು, ನಮ್ಮಜ್ಜನ ನೋಟು ಉಳಿಸಿಕೊಟ್ಟಾನ ಅಂತ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಫೀಸು ನಾನು ಕಟ್ಟುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿ, ಹರಿದದ್ದನ್ನೂ ಸೇರಿಸಿ ಐದನ್ನೂ ಚೀಲದಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಹುಡುಗಿ ಓದು ಬಿಟ್ಟು ಹರಪನಹಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆಂದು ಆಮೇಲೆ ತಿಳಿಯಿತು. ಎರಡು ಸಲ ಅಲ್ಲಿಗೆ ಹೋದೆ. ಆ ಬೀದಿಯ ತಿರುವಿನವರೆಗೆ ಹೋಗಿ, ಎರಡು ಸಲವೂ ಹಿಂದಕ್ಕೆ ಬಂದೆ.