ಮೂರು ಪ್ಯಾಡಲ್, ಮೂರು ತೆಂಗಿನಕಾಯಿ

ಫೆಬ್ರುವರಿ 8, ಭಾನುವಾರ, ಬೆಳಿಗ್ಗೆ 6.10. ಅಕ್ಕೋರ ಬಗ್ಗೆ ಬರೆಯಲು ಕೂತಿದ್ದೇನೆ.

ಅವರ ಎಡಗೈಗೆ ಸಲೀಸಾಗಿ ಏರುವ ಬಳೆ ಬಲಗೈಗೆ ಏರುತ್ತಿರಲಿಲ್ಲ. ಅಂಕೋಲಾ ಪೇಟೆಯ ಬಳೆ ಅಂಗಡಿಯಲ್ಲಿ ಒಂದೇ ಬಣ್ಣದಲ್ಲಿ ಎರಡು ಅಳತೆ ಕೇಳುವ ಗಿರಾಕಿ ಬಹುಶಃ ಅವರೊಬ್ಬರೇ. ನಲವತ್ತು ವರ್ಷಕ್ಕೂ ಮೀರಿ ಟೆನಿಸ್ ರಾಕೆಟ್ ಹಿಡಿದ ಆ ಬಲಗೈ ಮೊಣಕೈಯಿಂದ ಕೆಳಗೆ ದಪ್ಪವಾಗಿ, ಬಿಸಿಲಿಗೆ ಕಪ್ಪಾಗಿ, ಬೇರೆ ಯಾರದೋ ಕೈಯನ್ನು ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು.

ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನೆಲ್ಲ ಅಕ್ಕೋರು ಎನ್ನುತ್ತೇವೆ. ಇವರು ಅಂಕೋಲಾ ತಾಲೂಕಿನ ಶಾಲೆಯೊಂದರಲ್ಲಿ ಆಟ ಕಲಿಸುವ ಅಕ್ಕೋರಾಗಿದ್ದವರು. ನಿವೃತ್ತಿಯಾದ ಮೇಲೆ ಕಾರವಾರದ ಕೋಡಿಬಾಗಕ್ಕೆ, ನಮ್ಮ ಮನೆಯಿಂದ ನಾಲ್ಕನೆಯ ಮನೆಗೆ ಬಂದರು. ಕಾಳಿ ನದಿಯ ಪಕ್ಕದ ಹಳೆಯ ಸಿಮೆಂಟ್ ಅಂಕಣದಲ್ಲಿ ನನಗೆ ಟೆನಿಸ್ ಕಲಿಸಿದ್ದು ಅವರೇ. ಚೆಂಡು ತಪ್ಪಿದರೆ ಬೈಯುತ್ತಿರಲಿಲ್ಲ. “ಚೆಂಡು ಬಂತು, ಹೋಯ್ತು. ನೀ ಎಲ್ಲಿ ಹೋಗಿದ್ಯೇ ತಂಗಿ?” ಎನ್ನುತ್ತಿದ್ದರು. ದಿನದ ಆಟವನ್ನು ನಾನು ಡೈರಿಯಲ್ಲಿ ಲೆಕ್ಕ ಇಡುವುದನ್ನು ಒಮ್ಮೆ ಕಂಡು, “ಎಷ್ಟು ತಪ್ಪಾಯ್ತು ಹೇಳಿ ಬರೀತಿ, ಎಷ್ಟು ಸಲ ನಗೆ ಬಂತು ಹೇಳೂ ಬರಿ ಮಾರಾಯ್ತಿ” ಎಂದರು. ಅಂದಿನಿಂದ ಅದಕ್ಕೂ ಒಂದು ಕಾಲಂ ಹಾಕಿದೆ.

ಮೂರು ವರ್ಷಗಳ ಹಿಂದೆ ಅವರ ಬಲ ಮೊಣಕೈ ನೋಯತೊಡಗಿತು. ಡಾಕ್ಟರು ಟೆನಿಸ್ ಬಿಡಿಸಿದರು. ಹಗುರವಾದದ್ದು ಏನಾದರೂ ಆಡಬಹುದು, ಆದರೆ ನೋವು ಮರುಕಳಿಸಿದರೆ ಎಲ್ಲ ಆಟವೂ ಬಂದ್ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಆಮೇಲೆ ಕೆಲವು ವಾರ ಅಕ್ಕೋರು ಬೆಳಿಗ್ಗೆ ಅಂಕಣದ ಗೇಟಿನ ತನಕ ಬರುತ್ತಿದ್ದರು. ಎರಡು ಪಾಯಿಂಟ್ ನಿಂತು ನೋಡಿ, ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಹಿಂದಿರುಗುತ್ತಿದ್ದರು. ಒಳಗೆ ಬನ್ನಿ ಎಂದರೆ, “ಒಳಗೆ ಬಂದ್ರೆ ಕೈ ಸುಮ್ನಿರೂದಿಲ್ಲ” ಎನ್ನುತ್ತಿದ್ದರು.

ಅದೇ ಹೊತ್ತಿಗೆ ಅಂಕಣದ ಅರ್ಧ ಭಾಗಕ್ಕೆ ಪಿಕಲ್‌ಬಾಲ್ ಗೆರೆ ಬಿತ್ತು. ಟೆನಿಸಿಗಿಂತ ಚಿಕ್ಕ ಜಾಗ, ತೂತುಗಳಿರುವ ಪ್ಲಾಸ್ಟಿಕ್ ಚೆಂಡು, ತಂತಿಯಿಲ್ಲದ ಗಟ್ಟಿ ಪ್ಯಾಡಲ್. ನಮ್ಮ ಟೆನಿಸ್ ಗುಂಪಿಗೆ ಅದು ನಗುವ ವಿಷಯ. ಅಕ್ಕೋರು ಮೊದಲ ದಿನ ಯಾರದೋ ಪ್ಯಾಡಲ್ ಹಿಡಿದು ಅತ್ತ ಕಾಲಿಟ್ಟಾಗ, ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರರು ಬೆಂಚಿನಿಂದಲೇ ಕೂಗಿದರು: “ಎಂತ ಅಕ್ಕೋರೇ, ಸಟ್ಟುಗ ಹಿಡ್ಕಂಡು ಬಂದ್ರಿ? ದೋಸೆ ಹಿಟ್ಟೆಲ್ಲಿ?”

“ಹಿಟ್ಟು ನೀವೇ. ಬನ್ನಿ, ಕಾವಲಿ ಮೇಲೆ ನಿಲ್ಲಿ” ಎಂದರು ಅಕ್ಕೋರು.

ಗೋವಾಕ್ಕೆ ಪಂದ್ಯ ಆಡಲು ಹೋಗುವ ಗೆಳತಿಯೊಬ್ಬಳು ಅಲ್ಲಿಯ ಅಂಗಡಿಯಿಂದ ಆಡಿ ನೋಡಲೆಂದು ಮೂರು ಪ್ಯಾಡಲ್ ತಂದುಕೊಟ್ಟಳು. ಎರಡು ವಾರದೊಳಗೆ ಆರಿಸಬೇಕಿತ್ತು. ತೂಕ, ದಪ್ಪ, ಹಿಡಿಯ ಉದ್ದ ಎಲ್ಲವನ್ನೂ ನಾನು ಬರೆದುಕೊಂಡೆ. ಅಕ್ಕೋರು ಕಣ್ಣಾಡಿಸಿ ಪಕ್ಕಕ್ಕಿಟ್ಟರು. ಪರೀಕ್ಷೆ ಮಾಡಲು ಅವರಿಗೆ ಅವರದೇ ದಾರಿ ಇತ್ತು. ದಿನವೂ ಮೀನುಸಾರಿಗೆ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ಮೊಣಕೈ ನೋವು ಮೊದಲು ಗೊತ್ತಾಗಿದ್ದೂ ಅಲ್ಲೇ.

“ಆಡೂವಾಗ ಮೈ ಬಿಸಿ ಇರ್ತದೆ, ಎಂತದೂ ಗೊತ್ತಾಗೂದಿಲ್ಲ. ಒಂದೊಂದ್ರಲ್ಲೂ ಒಂದಿನ ಆಡ್ತೆ, ಮರುದಿನ ಒಂದು ಕಾಯಿ ತುರೀತೆ. ಎರಡೂ ಕಡಿ ಮುಗಿದ್ರೆ ಪಾಸು.”

ಮೊದಲನೆಯದು ನಾನು ಮೆಚ್ಚಿದ್ದು. ಉದ್ದನೆಯ ಮುಖ, ಉದ್ದನೆಯ ಹಿಡಿ, ಮೇಲ್ತುದಿ ಸ್ವಲ್ಪ ಭಾರ. ಟೆನಿಸಿನಿಂದ ಬಂದವರಿಗೆ ರಾಕೆಟ್ಟನ್ನೇ ಹಿಡಿದಂತೆ ಅನ್ನಿಸುವಂಥದ್ದು. ಅಂದು ಅಕ್ಕೋರು ಹಿಂದಿನ ಗೆರೆಯಿಂದ ತಮ್ಮ ಒಂಟಿಗೈ ಬ್ಯಾಕ್‌ಹ್ಯಾಂಡ್ ಹೊಡೆದಾಗ ಚೆಂಡು ಗೆರೆಯ ಮೇಲೇ ಬಿತ್ತು. ಮ್ಯಾನೇಜರರು ಬೆಂಚು ಬಿಟ್ಟು ಎದ್ದು ನಿಂತರು. ಅಕ್ಕೋರು ಇನ್ನೊಂದು ಹೊಡೆದರು, ಮತ್ತೊಂದು. ಎಷ್ಟೋ ತಿಂಗಳ ನಂತರ ಅವರು ಬಾಯಿ ತುಂಬ ನಕ್ಕರು.

ಮರುದಿನ ನಾನು ಮನೆಗೆ ಹೋದಾಗ ಮೊದಲ ಕಡಿ, ಅಂದರೆ ಕಾಯಿಯ ಮೊದಲ ಹೋಳು, ಅರ್ಧವೂ ಮುಗಿದಿರಲಿಲ್ಲ. ತುರಿಮಣೆಯ ಮೇಲೆ ಕೂತೇ ಮೊಣಕೈ ಹಿಡಿದುಕೊಂಡಿದ್ದರು. ಮೀನು ಮಾರುವವಳು ಬಾಗಿಲ ಹತ್ತಿರ ಎರಡು ಸಲ ಕೂಗಿ ಮುಂದೆ ಹೋದಳು.

“ಎರಡು ದಿನ ಸುಧಾರಿಸಿಕೊಂಡು ಮತ್ತೆ ನೋಡಿ ಅಕ್ಕೋರೇ. ನಿಮ್ಮ ಬ್ಯಾಕ್‌ಹ್ಯಾಂಡಿಗೆ ಅದೇ ಸರಿ” ಎಂದೆ.

“ಬ್ಯಾಕ್‌ಹ್ಯಾಂಡಿನ ಹತ್ರ ಕೇಳ್ಬೇಡ, ಅದು ಹೂಂ ಅಂತದೆ. ಅದಕ್ಕೆ ಇನ್ನೂ ಇಪ್ಪತ್ತೇ ವರ್ಷ ವಯಸ್ಸು. ಮೊಣಕೈ ಹತ್ರ ಕೇಳು.” ಮೊಣಕೈ ನೀವಿಕೊಳ್ಳುತ್ತ ಅಂದರು: “ಆ ಪ್ಯಾಡಲ್ ನನ್ನ ಕಣ್ಣೆದುರು ಇಡ್ಬೇಡ. ನಿಂಗೆ ಬೇಕಾದ್ರೆ ನೀ ಇಟ್ಕ.”

ನೋವು ಇಳಿಯಲು ನಾಲ್ಕು ದಿನ ಹಿಡಿಯಿತು. ಎರಡನೆಯದು ತೀರಾ ಹಗುರ, ತೆಳು. ಅದಾದರೂ ಸುಖ ಕೊಡುತ್ತದೆ ಎಂದುಕೊಂಡಿದ್ದೆವು. ಆದರೆ ಚೆಂಡು ದೂರ ಹೋಗಬೇಕೆಂದರೆ ಕೈ ಜೋರಾಗಿ ಬೀಸಬೇಕಿತ್ತು, ಎದುರಿನಿಂದ ಬಿರುಸಾಗಿ ಬಂದರೆ ಪೆಟ್ಟು ಮೊಣಕೈತನಕ ಜುಂ ಎನ್ನುತ್ತಿತ್ತು. ಮರುದಿನ ಒಂದು ಕಡಿ ಮಾತ್ರ ಮುಗಿಯಿತು.

ಉಳಿದದ್ದು ಮೂರನೆಯದು. ಒಳಗೆ ದಪ್ಪ ತಿರುಳು, ಅಗಲ ಮುಖ, ಗಿಡ್ಡ ಹಿಡಿ. ಕೈಗೆ ತುಂಬಲೆಂದು ಹಿಡಿಗೆ ಎರಡು ಸುತ್ತು ಟೇಪ್ ಸುತ್ತಿಕೊಟ್ಟೆ. ಅಕ್ಕೋರಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. “ಇದ್ರಲ್ಲಿ ಆಡೂದೋ, ರೊಟ್ಟಿ ಬಡಿಯೂದೋ?” ಎಂದು ಗೊಣಗಿದರು. ಹಳೆಯ ಅಭ್ಯಾಸದಂತೆ ತೋಳು ಪೂರ್ತಿ ಹಿಂದಕ್ಕೆಳೆದು ಬೀಸಿದ ಚೆಂಡುಗಳೆಲ್ಲ ಬೇಲಿಗೆ ಹೋದವು. ನಾಲ್ಕೈದು ಹಾಗೆ ಹೋದ ಮೇಲೆ ಅವರು ಬೀಸುವುದನ್ನೇ ಬಿಟ್ಟರು. ನೆಟ್ಟಿನ ಹತ್ತಿರ ನಿಂತು, ಭುಜದಿಂದ ಮೆಲ್ಲಗೆ ತಳ್ಳಿ, ಚೆಂಡನ್ನು ಆಚೆ ಬದಿಯಲ್ಲಿ ನೆಟ್ಟಿನ ಬುಡಕ್ಕೇ ಇಳಿಸತೊಡಗಿದರು. ಆ ದಪ್ಪ ಪ್ಯಾಡಲ್ ಚೆಂಡಿನ ಬಿರುಸನ್ನೆಲ್ಲ ನುಂಗಿಬಿಡುತ್ತಿತ್ತು. ಎದುರು ಆಡುತ್ತಿದ್ದ ಮ್ಯಾನೇಜರರು ಓಡಿ ಬಂದು ಮುಗ್ಗರಿಸಿದರು.

“ಇದು ಮೋಸ ಅಕ್ಕೋರೇ!”

“ಮೋಸ ಅಲ್ಲ, ವಯಸ್ಸು. ನಿಮ್ಗೂ ಬತ್ತದೆ, ತಡೀರಿ.”

ಮರುದಿನ ನಾನು ಹೋಗುವಷ್ಟರಲ್ಲಿ ಎರಡು ಖಾಲಿ ಕರಟಗಳನ್ನು ಹೊಸ್ತಿಲ ಮೇಲೆ ಕವುಚಿ ಇಟ್ಟಿದ್ದರು. ಒಳಗಿನಿಂದ ಬಂಗಡೆ ಸಾರಿನ ವಾಸನೆ ಬರುತ್ತಿತ್ತು. “ಊಟಕ್ಕೆ ನಿಲ್ಲು” ಎಂದಷ್ಟೇ ಅಂದರು.

ಅದರಲ್ಲಿ ಎರಡು ವರ್ಷಕ್ಕೂ ಮೀರಿ ಆಡಿದರು. ಆ ಬ್ಯಾಕ್‌ಹ್ಯಾಂಡನ್ನು ಮತ್ತೆಂದೂ ಹೊಡೆಯಲಿಲ್ಲ. ಕಳೆದ ಅಕ್ಟೋಬರಿನಲ್ಲಿ ಹೃದಯ ನಿಂತು ತೀರಿಕೊಂಡರು. ಹಿಂದಿನ ದಿನ ಬೆಳಿಗ್ಗೆ ನನ್ನ ಜೊತೆ ಎರಡು ಗೇಮ್ ಆಡಿದ್ದರು, ಎರಡನ್ನೂ ಗೆದ್ದಿದ್ದರು. ಈಗ ಟೆನಿಸಿನವರು ಯಾರಾದರೂ ಯಾವ ಪ್ಯಾಡಲ್ ಕೊಳ್ಳಲಿ ಎಂದು ನನ್ನನ್ನು ಕೇಳಿದರೆ, ಒಂದು ದಿನ ಆಡಿ, ಮರುದಿನ ಮನೆಗೆಲಸ ಮಾಡಿ ನೋಡಿ, ಆಮೇಲೆ ಮಾತಾಡೋಣ ಎನ್ನುತ್ತೇನೆ. ಅದು ಅವರಿಂದ ಬಂದದ್ದು.

ಅವರು ಕೊನೆಯ ಪ್ಯಾಡಲ್ ಹೇಗೆ ಆರಿಸಿದರೆಂದು ನನಗೆ ಗೊತ್ತು. ಮೊದಲ ರಾಕೆಟ್ ಹೇಗೆ ಕೈಗೆ ಬಂತೆಂದು ಗೊತ್ತಿಲ್ಲ. ಅಂಕೋಲೆಯ ಕಡೆ ಕೂಲಿ ಮಾಡುವವರ ಮನೆಯ ಹುಡುಗಿಗೆ ಆ ಕಾಲದಲ್ಲಿ ಟೆನಿಸ್ ಕಲಿಸಿದವರು ಯಾರು? ಕೇಳಿದಾಗಲೆಲ್ಲ, “ಅದು ದೊಡ್ಡ ಕತೆ, ಮೊದ್ಲು ಸರ್ವ್ ಮಾಡು” ಎನ್ನುತ್ತಿದ್ದರು. ತಾವು ಶಿಕ್ಷಕಿಯಾದ ಮೇಲೆ ಕೊಯ್ಲಾದ ಗದ್ದೆಯಲ್ಲಿ ಹಳೆಯ ಮೀನುಬಲೆಯನ್ನೇ ನೆಟ್ಟಾಗಿ ಕಟ್ಟಿ ಶಾಲೆಯ ಹುಡುಗಿಯರಿಗೆ ಆಡಿಸುತ್ತಿದ್ದರೆಂದು ಮಾತ್ರ ಕೇಳಿದ್ದೇನೆ. ಆ ಗದ್ದೆಯಲ್ಲಿ ಆಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಹತ್ತಿರ ಅವರು ಆ ಕತೆ ಹೇಳಿದ್ದರೆ, ದಯವಿಟ್ಟು ನನಗೆ ಬರೆಯಿರಿ. ಅರ್ಧ ನೆನಪಿದ್ದರೂ ಸಾಕು.