ಬ್ರೆಡ್ ವ್ಯಾನಿನ ನೆಗ್ಗು

ಅಪ್ಪನ ಹಳೇ ಬ್ರೆಡ್ ವ್ಯಾನನ್ನು ಮತ್ತೆ ರಸ್ತೆಗಿಳಿಸಲು ಹೊರಟಿದ್ದೆ. ಎಂಜಿನ್ ರಿಪೇರಿಯಾಯಿತು, ಸೀಟು ಹೊಸದಾಯಿತು. ಹಿಂಬದಿಯ ಎಡಮೂಲೆಯ ನೆಗ್ಗು ಮಾತ್ರ ಹಾಗೇ ಉಳಿದಿತ್ತು. ನನಗೆ ನಿಜವಾಗಿ ಬೇಕಾಗಿದ್ದುದು ಅದೊಂದು ಹೋಗುವುದು. ಯಾಕೆಂದರೆ ಅದನ್ನು ಮಾಡಿದವಳು ನಾನು, ಅಪ್ಪನಿಗೆ ಹಸಿ ಸುಳ್ಳು ಹೇಳಿದವಳೂ ನಾನೇ.

ಆಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ಶಿವಮೊಗ್ಗದ ಅಂಗಡಿಗಳಿಗೂ ಭದ್ರಾವತಿಯ ಕ್ವಾರ್ಟರ್ಸಿಗೂ ಬೆಳಗ್ಗೆಯೇ ಬ್ರೆಡ್ಡು, ಬನ್ನು ಹಂಚಿ ಬಂದು ಅಪ್ಪ ಮಧ್ಯಾಹ್ನ ಮಲಗಿದ್ದರು. ಅವರು ಗೇರ್ ಹಾಕುವುದನ್ನು ಪಕ್ಕದಲ್ಲಿ ಕೂತು ನೋಡಿದ್ದಷ್ಟೇ ನನ್ನ ವಿದ್ಯೆ. ಕೀ ಎತ್ತಿಕೊಂಡು ರಾಗಿಗುಡ್ಡದವರೆಗೆ ಹೋದೆ. ಹೋಗುವುದೇನೋ ಹೋದೆ, ತಿರುಗಿಸಲು ಹಿಂದಕ್ಕೆ ತೆಗೆಯುವಾಗ ಕರೆಂಟು ಕಂಬಕ್ಕೆ ಗುದ್ದಿದೆ. ಅಪ್ಪ ಏಳುವಷ್ಟರಲ್ಲಿ ವ್ಯಾನನ್ನು ಮನೆ ಮುಂದೆ ತಂದು ನಿಲ್ಲಿಸಿ, ಮರಳಿನ ಲಾರಿಯೊಂದು ಒರೆಸಿಕೊಂಡು ಹೋಯಿತು ಅಂದೆ. ಅಪ್ಪ ಅಮ್ಮನೆದುರು ಆ ಇಲ್ಲದ ಲಾರಿಯವನಿಗೆ ಎರಡು ದಿನ ಬೈದರು. ನಾನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಪ್ಪ ತೀರಿಕೊಳ್ಳುವವರೆಗೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ಹುಡುಕಿಕೊಂಡು ಹೊರಟರೆ ಆ ನೆಗ್ಗನ್ನು ತೆಗೆಯುವವರೇ ಸಿಗಲಿಲ್ಲ. ವಿನೋಬನಗರದಲ್ಲಿ ನಮ್ಮ ಮನೆ ಹತ್ತಿರದ ಟಿಂಕರಿಂಗ್‌ನವನು ಬೆರಳಿನಿಂದ ಟಕಟಕ ಬಡಿದು, “ಇದು ಅಲ್ಯೂಮಿನಿಯಂ ಮೇಡಂ, ಬಡಿದ್ರೆ ಸೀಳುತ್ತೆ. ಪುಟ್ಟಿ ತುಂಬಿ ಪೇಂಟ್ ಹೊಡೆದುಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ” ಎಂದ. ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿಡುವ ಕೆಲಸವನ್ನು ಇಷ್ಟು ವರ್ಷ ನಾನೇ ಮಾಡಿದ್ದೆ, ಅದಕ್ಕೆ ಇವನು ಬೇರೆ ಬೇಕಿತ್ತೆ? ಇನ್ನೊಬ್ಬ, ಗ್ಯಾಸ್ ಹಿಡಿದರೆ ತೂತು ಬೀಳುತ್ತದೆಂದು ಹೆದರಿಸಿ, “ಪಾತ್ರೆ ರಿಪೇರಿಯವರ ಹತ್ರ ತಗೊಂಡ್ಹೋಗಿ” ಎಂದು ನಕ್ಕ. ಮೈ ಉರಿದುಹೋಯಿತು. ಮನೆಗೆ ಬಂದು ಯೋಚಿಸಿದರೆ, ಅವನು ತಮಾಷೆಗೆ ಹೇಳಿದ್ದರೂ ಮಾತು ಸರಿಯಾಗಿಯೇ ಇತ್ತು.

ಭದ್ರಾವತಿಯಲ್ಲಿ ಮದುವೆ ಅಡಿಗೆಯ ದೊಡ್ಡ ಅಲ್ಯೂಮಿನಿಯಂ ಡಬರಿಗಳ ನೆಗ್ಗು ತೆಗೆಯುವ ವಯಸ್ಸಾದ ಸಾಬರೊಬ್ಬರು ಸಿಕ್ಕರು. ವ್ಯಾನನ್ನು ಅವರ ಓಣಿಯೊಳಗೆ ನುಗ್ಗಿಸಿದೆ. ಒಳಗಿನ ಪ್ಲೈವುಡ್ ಬಿಚ್ಚಿದಾಗ ಬನ್ನಿನ ವಾಸನೆ ಬಂತು, ಅಥವಾ ನನಗೆ ಹಾಗೆನ್ನಿಸಿತು. ಅವರು ಪೇಂಟ್ ಕೆರೆಯುತ್ತಾ, “ಹೆಂಗಾಯ್ತಮ್ಮಾ ಇದು?” ಎಂದು ಕೇಳಿದರು.

“ಮರಳಿನ ಲಾರಿ ಒರೆಸಿಕೊಂಡು ಹೋಯ್ತು ಸಾಬ್ರೇ.” ಅರವತ್ತರ ಹತ್ತಿರ ಬಂದವಳ ಬಾಯಲ್ಲಿ ಅದೇ ಸುಳ್ಳು, ಎಷ್ಟು ಸಲೀಸಾಗಿ!

ಅವರು ನಕ್ಕರು. “ಲಾರಿ ಒರೆಸಿದ್ರೆ ಗೀರು ಅಡ್ಡಕ್ಕೆ ಇರುತ್ತೆ. ಇದು ನೋಡಿ, ಮೇಲಿಂದ ಕೆಳಗೆ ನೆಟ್ಟಗಿದೆ. ವ್ಯಾನೇ ಹಿಂದಕ್ಕೆ ಹೋಗಿ ಕಂಬಕ್ಕೆ ಗುದ್ದಿರೋದು. ದಿನಾ ಗಾಡಿ ತೊಳೆಯೋರಿಗೆ ಯಾರಿಗಾದ್ರೂ ಗೊತ್ತಾಗುತ್ತೆ.”

ದಿನಾ ತೊಳೆಯುತ್ತಿದ್ದವರು ಅಪ್ಪ.

ಅಲ್ಲೇ ಬೋರಲು ಹಾಕಿದ್ದ ಡಬರಿಯ ಮೇಲೆ ಕೂತುಬಿಟ್ಟೆ. ಕಂಬಕ್ಕೆ ಗುದ್ದಿದ ವಾರವೇ ಅಪ್ಪ ಇದ್ದಕ್ಕಿದ್ದಂತೆ “ನಡಿ, ಗಾಡಿ ಕಲಿಸ್ತೀನಿ” ಎಂದು ನವುಲೆ ಕಡೆಯ ಖಾಲಿ ರಸ್ತೆಗೆ ಕರೆದುಕೊಂಡು ಹೋಗಿದ್ದರು. ಒಂದು ತಿಂಗಳು, ಪ್ರತಿ ಭಾನುವಾರ, ಬರೀ ರಿವರ್ಸ್. “ಎಲ್ರೂ ಮುಂದಕ್ಕೆ ಕಲೀತಾರೆ, ನಂಗ್ಯಾಕೆ ಹಿಂದಕ್ಕೆ?” ಎಂದು ಗೊಣಗಿದರೆ, “ಮುಂದಕ್ಕೆ ಹೆಂಗೂ ಬರುತ್ತಲ್ಲ ನಿಂಗೆ” ಅಂದಿದ್ದರು. ಆಗ ಆ ಮಾತು ನನ್ನ ತಲೆಗೇ ಹೋಗಿರಲಿಲ್ಲ.

ಗೊತ್ತಿದ್ದೂ ಬೈಯಲಿಲ್ಲ. ಬೈಗುಳವನ್ನೆಲ್ಲ ಲಾರಿಯವನ ತಲೆಗೆ ಕಟ್ಟಿ, ಅಮ್ಮನ ಕೈಯಿಂದ ನನ್ನನ್ನು ಉಳಿಸಿದ್ದರು. ಮೊದಲು ಅಪ್ಪನ ಮೇಲೆ ಸಿಟ್ಟೇ ಬಂತು. ಒಂದು ಮಾತು ಕೇಳಿದ್ದರೆ ನಾನು ಇದನ್ನು ಇಷ್ಟು ವರ್ಷ ಹೊರಬೇಕಿರಲಿಲ್ಲ. ಆಮೇಲೆ ಅಳು ಬಂತು.

ಸಾಬರು ನನ್ನ ಕಡೆ ನೋಡದೆ ತಗಡಿಗೆ ಬಟ್ಟೆ ಸೋಪು ಸವರಿ, ದೂರದಿಂದ ಬೆಂಕಿ ಹಿಡಿದರು. “ಸೋಪು ಕಪ್ಪಾದ್ರೆ ತಗಡು ಮೆತ್ತಗಾಯ್ತು, ಸಾಕು ಅಂತ ಅರ್ಥ. ಇನ್ನೂ ಹಿಡಿದ್ರೆ ತಗಡು ಕರಗುತ್ತೆ.” ಸೋಪು ಕಪ್ಪಾಯಿತು. ತಣ್ಣಗಾದ ಮೇಲೆ ಮರದ ಕೊಡತಿಯಿಂದ ಒಳಗಿನಿಂದ ಮೆಲ್ಲಗೆ ಬಡಿದು ಬಡಿದು, ಸಂಜೆಯ ಹೊತ್ತಿಗೆ ತಗಡನ್ನು ಸಪಾಟು ಮಾಡಿದರು. ಕೈಯಾಡಿಸಿದೆ, ಏನೂ ಸಿಗಲಿಲ್ಲ.

ಓಣಿಯಲ್ಲಿ ವ್ಯಾನು ತಿರುಗಿಸಲು ಜಾಗವಿರಲಿಲ್ಲ. “ಹಿಂದಕ್ಕೆ ನಾನು ತೆಗೆದುಕೊಡ್ಲಾ ಅಮ್ಮಾ?” ಎಂದರು.

“ಬೇಡ ಸಾಬ್ರೇ, ಅದು ನಂಗೆ ಚೆನ್ನಾಗಿ ಬರುತ್ತೆ. ನಮ್ಮಪ್ಪ ಕಲಿಸಿದ್ದು” ಎಂದೆ.